ನಡುಗುವ ವ್ಯಾನು ಏನು ಹೇಳುತ್ತದೆ?

ಬೆಳಗಿನ ಎಂಟು ಗಂಟೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ - ಈ ನಾಲ್ಕರಲ್ಲಿ ಯಾವ ಊರಿನ ಬೀದಿಯಲ್ಲಿ ನಿಂತರೂ ಒಂದು ಹಳೆಯ ಮಾರುತಿ ವ್ಯಾನು ಕಣ್ಣಿಗೆ ಬೀಳದೆ ಇರದು. ಒಳಗೆ ಶಾಲೆಯ ಮಕ್ಕಳು ಕೂತಿರುತ್ತಾರೆ; ಇಲ್ಲವೆ ರೇಷ್ಮೆಗೂಡಿನ ಚೀಲ, ತರಕಾರಿಯ ಮೂಟೆ ತುಂಬಿರುತ್ತದೆ. 1984ರಲ್ಲಿ ರಸ್ತೆಗಿಳಿದ ಈ ವ್ಯಾನು ಮುಂದೆ ಓಮ್ನಿ ಎಂಬ ಹೆಸರು ಪಡೆಯಿತು. 2019ರಲ್ಲಿ ಅದರ ತಯಾರಿಕೆ ನಿಂತಿತು. ಎಂದರೆ ಇಂದು ನಮ್ಮ ನಡುವೆ ಓಡುವ ಪ್ರತಿಯೊಂದು ಓಮ್ನಿಯೂ ವಯಸ್ಸಾದ ಗಾಡಿಯೇ.

ಇಂಥ ಗಾಡಿ ಮಕ್ಕಳಿಗಾಗಿ ಮನೆಯ ಮುಂದೆ ನಿಂತಾಗ ಗಮನಿಸಿ. ಇಂಜಿನ್ ಚಾಲೂ ಇರುತ್ತದೆ. ಕಿಟಕಿಯ ಗಾಜು ಗಡಗಡ ಎನ್ನುತ್ತದೆ. ಪಕ್ಕದ ಕನ್ನಡಿಯಲ್ಲಿ ಹಿಂದಿನ ರಸ್ತೆ ಮಸುಕುಮಸುಕಾಗಿ ಕುಣಿಯುತ್ತದೆ. ಗೇರ್ ಲಿವರ್ ತನ್ನಷ್ಟಕ್ಕೆ ತಾನೇ ತಲೆ ಆಡಿಸುತ್ತಿರುತ್ತದೆ. ‘ಹಳೇ ಗಾಡಿ ಸ್ವಾಮಿ, ನಡುಗದೆ ಇರುತ್ತದೆಯೆ?’ ಎನ್ನುತ್ತಾರೆ ಚಾಲಕರು. ಕಾರ್ಬುರೇಟರ್ ಇರುವ ಗಾಡಿಯಾದರೆ ಗ್ಯಾರೇಜಿನಲ್ಲಿ ಒಂದು ಸುಲಭದ ಮದ್ದು ಉಂಟು. ಐಡ್ಲಿಂಗ್ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದರೆ ಇಂಜಿನ್ನಿನ ದನಿ ತುಸು ಏರುತ್ತದೆ, ನಡುಕ ಇಳಿಯುತ್ತದೆ. ಚಹಾದ ಕಾಸು ಕೊಟ್ಟು ಎಲ್ಲರೂ ಸಂತೋಷವಾಗಿ ಮನೆಗೆ ಹೋಗುತ್ತಾರೆ.

ರೋಗ ವಾಸಿಯಾಯಿತೆ? ಇಲ್ಲ. ರೋಗಿಯ ಬಾಯಿ ಮುಚ್ಚಿಸಿದ್ದಾಯಿತು, ಅಷ್ಟೆ. ಗಾಡಿ ನಡುಗುವುದು ಅದು ಮಾತಾಡುವ ರೀತಿ. ಅದು ಏನು ಹೇಳುತ್ತಿದೆ ಎಂಬುದನ್ನು ಕೇಳದೆ ಸುಮ್ಮನಾಗಿಸಿದರೆ ಆ ಮಾತು ಮುಂದೆ ಇನ್ನೂ ದುಬಾರಿಯ ಕಡೆಯಿಂದ ಬರುತ್ತದೆ. ಈ ವಾರ ಆ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳೋಣ. ಕಾರು ಇಲ್ಲದ ಮನೆಯವರೂ ಓದಬಹುದು. ಪಿಯುಸಿ ಮೊದಲ ವರ್ಷದ ಭೌತವಿಜ್ಞಾನದಲ್ಲಿ ಬರುವ ‘ಆಂದೋಲನಗಳು’ ಪಾಠದ ಜೀವಂತ ಉದಾಹರಣೆ ಇದು.

ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ

ಇಂಜಿನ್ ಎಂದರೆ ಒಳಗೆ ಸಣ್ಣ ಸಣ್ಣ ಸ್ಫೋಟಗಳು ಸರದಿಯಲ್ಲಿ ನಡೆಯುವ ಕಬ್ಬಿಣದ ಪೆಟ್ಟಿಗೆ. ಪಿಸ್ಟನ್‌ಗಳು ಮೇಲಕ್ಕೂ ಕೆಳಕ್ಕೂ ಓಡುತ್ತವೆ, ಕ್ರ್ಯಾಂಕ್ ತಿರುಗುತ್ತದೆ. ಚಕ್ರವನ್ನು ಒಂದು ಕಡೆಗೆ ತಿರುಗಿಸಲು ಹೊರಟ ಇಂಜಿನ್ ತಾನು ಅದರ ವಿರುದ್ಧ ದಿಕ್ಕಿಗೆ ತಿರುಗಲು ನೋಡುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿಯೂ ಬಿಡುವುದಿಲ್ಲ. ಇಂಥ ಚಡಪಡಿಕೆಯ ಪೆಟ್ಟಿಗೆಯನ್ನು ನೇರವಾಗಿ ಗಾಡಿಯ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿದರೆ ಏನಾಗುತ್ತದೆ? ಅದರ ಪ್ರತಿ ಮಿಡಿತವೂ ಕೂತವರ ಬೆನ್ನಿಗೆ ಬಡಿಯುತ್ತದೆ. ತಗಡಿನ ಬೆಸುಗೆಗಳು ಬಿಡುತ್ತವೆ.

ಆದ್ದರಿಂದ ಇಂಜಿನ್ನಿಗೂ ಚೌಕಟ್ಟಿಗೂ ನಡುವೆ ರಬ್ಬರಿನ ತುಂಡುಗಳನ್ನು ಇಡುತ್ತಾರೆ. ಎರಡು ಲೋಹದ ತಟ್ಟೆಗಳ ನಡುವೆ, ಇಲ್ಲವೆ ಒಂದು ಲೋಹದ ಬಳೆಯೊಳಗೆ, ರಬ್ಬರನ್ನು ಬೇಯಿಸುವಾಗಲೇ ಲೋಹಕ್ಕೆ ಬೆಸೆದಿರುತ್ತಾರೆ. ಇದಕ್ಕೆ ಇಂಜಿನ್ ಮೌಂಟಿಂಗ್ ಎಂದು ಹೆಸರು. ಕೆಲವು ಗ್ಯಾರೇಜುಗಳಲ್ಲಿ ಇದನ್ನೇ ಫೌಂಡೇಶನ್ ಎನ್ನುವುದುಂಟು. ಗೇರ್‌ಬಾಕ್ಸಿನ ಕೆಳಗೆ ಇರುವುದು ಗೇರ್‌ಬಾಕ್ಸ್ ಮೌಂಟಿಂಗ್. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಹಿಂಚಕ್ರ ಚಾಲನೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇಂಜಿನ್ನಿನ ಎಡಬಲಕ್ಕೆ ಒಂದೊಂದು, ಹಿಂದೆ ಗೇರ್‌ಬಾಕ್ಸಿಗೆ ಒಂದು. ಇಂಜಿನ್ ಅಡ್ಡಲಾಗಿ ಕೂರುವ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಎರಡು ಬದಿಗೂ ಭಾರ ಹೊರುವ ಮೌಂಟಿಂಗ್‌ಗಳಿರುತ್ತವೆ. ಇಂಜಿನ್ ಮುಂದಕ್ಕೂ ಹಿಂದಕ್ಕೂ ತೊನೆಯದಂತೆ ತಡೆಯಲು ಇನ್ನೊಂದೆರಡು.

ಮೊದಮೊದಲ ಕಾರುಗಳಿಗೆ ಈ ಸುಖ ಇರಲಿಲ್ಲ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಎಂಬ ಹೆಸರಿನ ಹೊಸ ಏರ್ಪಾಟು ತಂದಿತು. ಇಂಜಿನ್ ತನ್ನ ಭಾರದ ಕೇಂದ್ರದ ಮೂಲಕ ಹಾಯುವ ಒಂದು ಅಕ್ಷದ ಸುತ್ತ ತುಸು ತೂಗಾಡುವಂತೆ ಅದನ್ನು ರಬ್ಬರಿನ ಮೇಲೆ ಕೂರಿಸಿದ್ದರು. ನಾಲ್ಕು ಸಿಲಿಂಡರಿನ ಅಗ್ಗದ ಕಾರು ದೊಡ್ಡ ಕಾರಿನಷ್ಟು ನಯವಾಗಿ ಓಡಿತು. ನಡುಕವನ್ನು ಬಲದಿಂದ ಅದುಮುವುದಕ್ಕಿಂತ, ಹದವಾಗಿ ಆಡಲು ಬಿಡುವುದು ಮೇಲು ಎಂಬ ಪಾಠ ಅದು.

ಚನ್ನಪಟ್ಟಣದ ಮಕ್ಕಳಿಗೆ ನಡುಕದ ಪಾಠ ಹೊಸದಲ್ಲ. ಬೊಂಬೆ ಮಾಡುವವರ ಲೇತಿನ ಮುಂದೆ ಒಂದು ಗಳಿಗೆ ನಿಂತವರು ನೋಡಿರುತ್ತಾರೆ. ಆಲೆಮರದ ತುಂಡು ನಡುಮಧ್ಯಕ್ಕೆ ಸರಿಯಾಗಿ ಕೂತಿದ್ದರೆ ಸದ್ದಿಲ್ಲದೆ ತಿರುಗುತ್ತದೆ. ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಒಂದೇ ಸಮ ಹತ್ತುತ್ತದೆ. ತುಂಡು ಒಂದಿಷ್ಟು ಓರೆಯಾದರೂ ಉಳಿ ಕೈಯಲ್ಲಿ ಕುಣಿಯುತ್ತದೆ. ಕಸುಬು ಬಲ್ಲವರು ಆಗ ಉಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಯಂತ್ರ ನಿಲ್ಲಿಸಿ ತುಂಡನ್ನು ಮತ್ತೆ ಕೂರಿಸುತ್ತಾರೆ. ಕಾರಿನ ವಿಷಯದಲ್ಲೂ ಮಾಡಬೇಕಾದ್ದು ಅದನ್ನೇ.

ಒಂದು ಪುಟ್ಟ ಲೆಕ್ಕ

ಸ್ಪ್ರಿಂಗಿನ ಮೇಲೆ ಭಾರ ಇಟ್ಟು ಒಮ್ಮೆ ಒತ್ತಿ ಬಿಟ್ಟರೆ ಅದು ತನ್ನದೇ ಲಯದಲ್ಲಿ ಮೇಲೆ ಕೆಳಗೆ ಆಡುತ್ತದೆ. ಒಂದು ಸೆಕೆಂಡಿಗೆ ಎಷ್ಟು ಸಲ ಆಡುತ್ತದೆಯೋ ಅದು ಅದರ ಸಹಜ ಆವೃತ್ತಿ. ಸ್ಪ್ರಿಂಗು ಗಟ್ಟಿಯಾದಷ್ಟೂ ಸಹಜ ಆವೃತ್ತಿ ಹೆಚ್ಚು. ಇಲ್ಲಿ ಭಾರ ಎಂದರೆ ಇಂಜಿನ್, ಸ್ಪ್ರಿಂಗು ಎಂದರೆ ರಬ್ಬರು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ಎತ್ತರಕ್ಕೆ ಹೋಗುತ್ತದಲ್ಲ, ಅದು ಅನುರಣನೆ. ಅದೇ ಉಯ್ಯಾಲೆಯನ್ನು ಅದರ ಲಯಕ್ಕಿಂತ ಬಹಳ ಬೇಗಬೇಗ ತಳ್ಳಿ ನೋಡಿ, ಹೆಚ್ಚು ಕದಲುವುದೇ ಇಲ್ಲ. ಮೌಂಟಿಂಗಿನ ಗುಟ್ಟು ಇದೇ. ಇಂಜಿನ್ನಿನ ಮಿಡಿತಕ್ಕಿಂತ ರಬ್ಬರಿನ ಮೇಲೆ ಕೂತ ಇಂಜಿನ್ನಿನ ಸಹಜ ಲಯ ಬಹಳ ನಿಧಾನವಾಗಿರಬೇಕು. ಹಾಗಾಗಬೇಕಾದರೆ ರಬ್ಬರು ಮೆತ್ತಗಿರಬೇಕು.

ಓಮ್ನಿಯದು, ಹಾಗೆಯೇ ಮಾರುತಿ 800 ಕಾರಿನದು, 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್. ಅದು ನಿಂತಲ್ಲೇ ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಸೆಕೆಂಡಿಗೆ 15 ಸುತ್ತು. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಮೂರು ಸಿಲಿಂಡರಿಗೆ ಸೇರಿಸಿ ಸೆಕೆಂಡಿಗೆ 22.5 ಮಿಡಿತ. ನಾಲ್ಕು ಸಿಲಿಂಡರಿನ ಇಂಜಿನ್ನಾಗಿದ್ದರೆ ಇದು 30 ಆಗುತ್ತಿತ್ತು. ಮೂರು ಸಿಲಿಂಡರಿನ ಗಾಡಿ ನಿಂತಾಗ ಹೆಚ್ಚು ಕುಲುಕುವುದಕ್ಕೆ ಇದೂ ಒಂದು ಕಾರಣ.

ಈಗ ಹೊಸ ಮೌಂಟಿಂಗಿನ ಮೇಲೆ ಇಂಜಿನ್ನಿನ ಸಹಜ ಆವೃತ್ತಿ ಸೆಕೆಂಡಿಗೆ 10 ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಮಿಡಿತವನ್ನು ಸಹಜ ಆವೃತ್ತಿಯಿಂದ ಭಾಗಿಸಿ, ಬಂದುದರ ವರ್ಗ ಮಾಡಿ, ಅದರಿಂದ 1 ಕಳೆಯಿರಿ. ಉಳಿದ ಸಂಖ್ಯೆಯಿಂದ 1ನ್ನು ಭಾಗಿಸಿದರೆ ಇಂಜಿನ್ನಿನ ಅಲುಗಾಟದಲ್ಲಿ ಎಷ್ಟು ಪಾಲು ಚೌಕಟ್ಟಿಗೆ ದಾಟುತ್ತದೆ ಎಂಬುದು ಸಿಗುತ್ತದೆ. ರಬ್ಬರಿನೊಳಗೆ ಇಂಗುವ ಶಕ್ತಿಯನ್ನು ಇಲ್ಲಿ ಬಿಟ್ಟಿದ್ದೇವೆ. 22.5ನ್ನು 10ರಿಂದ ಭಾಗಿಸಿದರೆ 2.25, ವರ್ಗ 5.06, ಒಂದು ಕಳೆದರೆ 4.06. ಉತ್ತರ ಸುಮಾರು 0.25. ಕಾಲು ಪಾಲು ಮಾತ್ರ ದಾಟಿತು. ಮುಕ್ಕಾಲು ಪಾಲನ್ನು ರಬ್ಬರು ತಡೆಯಿತು.

ವರ್ಷಗಳು ಕಳೆದು, ಬಿಸಿಗೂ ಗಾಳಿಗೂ ಬಿದ್ದು ರಬ್ಬರು ಮೂರು ಪಟ್ಟು ಗಟ್ಟಿಯಾಯಿತು ಎಂದುಕೊಳ್ಳಿ. ಸಹಜ ಆವೃತ್ತಿ ಮೂರರ ವರ್ಗಮೂಲದಷ್ಟು ಏರಿ ಸುಮಾರು 17.3 ಆಗುತ್ತದೆ. ಅದೇ ಲೆಕ್ಕ ಮತ್ತೆ ಮಾಡಿ. ಉತ್ತರ 1.45. ಎಂದರೆ ರಬ್ಬರು ನಡುಕವನ್ನು ತಡೆಯುವುದಿರಲಿ, ಅರ್ಧದಷ್ಟು ಹೆಚ್ಚಿಸಿಯೇ ಕಳಿಸುತ್ತಿದೆ. ಕಾಯಬೇಕಾದ ಬೇಲಿಯೇ ಹೊಲ ಮೇಯ್ದಂತಾಯಿತು.

ಇನ್ನು ಸ್ಕ್ರೂ ತಿರುಗಿಸಿದ ಕಥೆ. ಸುತ್ತು 900ರಿಂದ 1200ಕ್ಕೆ ಏರಿದರೆ ಮಿಡಿತ ಸೆಕೆಂಡಿಗೆ 30. 30ನ್ನು 17.3ರಿಂದ ಭಾಗಿಸಿ ವರ್ಗ ಮಾಡಿದರೆ 3, ಒಂದು ಕಳೆದರೆ 2, ಉತ್ತರ 0.5. ನಡುಕ ಮೂರನೆಯ ಒಂದು ಭಾಗಕ್ಕೆ ಇಳಿಯಿತು! ಮದ್ದು ನಿಜವಾಗಿಯೂ ಫಲ ಕೊಟ್ಟಂತೆ ಕಾಣುವುದು ಇದಕ್ಕೇ. ಆದರೆ ರಬ್ಬರು ಮೊದಲಿನಷ್ಟೇ ಕೆಟ್ಟಿದೆ. ಮೇಲಾಗಿ ನಿಂತಲ್ಲಿಯೇ ಪೆಟ್ರೋಲು ಹೆಚ್ಚು ಸುಡುತ್ತದೆ.

ಅಲಕ್ಷ್ಯದ ಬೆಲೆ

ರಬ್ಬರಿಗೆ ಶತ್ರುಗಳು ಮೂರು: ಬಿಸಿ, ವಯಸ್ಸು, ಎಣ್ಣೆ. ಮೌಂಟಿಂಗ್‌ಗಳಲ್ಲಿ ಹೆಚ್ಚಾಗಿ ಬಳಸುವ ಸಹಜ ರಬ್ಬರಿಗೆ ಎಣ್ಣೆ ತಾಕಿದರೆ ಅದು ಊದಿಕೊಂಡು ಮೆತ್ತಗಾಗಿ ಪದರು ಬಿಡುತ್ತದೆ. ಇಂಜಿನ್ ಆಯಿಲ್ ಸೋರುವುದನ್ನು ನಿಲ್ಲಿಸದೆ ಹೊಸ ಮೌಂಟಿಂಗ್ ಹಾಕುವುದು ಸೋರುವ ಸೂರಿನ ಕೆಳಗೆ ಹೊಸ ಹಾಸಿಗೆ ಹಾಸಿದಂತೆ.

ಒಂದು ಮೌಂಟಿಂಗ್ ಹರಿದರೆ ಅದರ ಪಾಲಿನ ಭಾರ ಉಳಿದವುಗಳ ಮೇಲೆ ಬೀಳುತ್ತದೆ. ಅವೂ ಬೇಗ ಹೋಗುತ್ತವೆ. ಇಂಜಿನ್ ಹೆಚ್ಚು ಆಡತೊಡಗಿದರೆ ಅದಕ್ಕೆ ಅಂಟಿಕೊಂಡಿರುವ ಎಲ್ಲವೂ ಎಳೆದಾಟಕ್ಕೆ ಸಿಗುತ್ತವೆ. ಸೈಲೆನ್ಸರ್ ಪೈಪಿನ ಕೀಲು ಬಿರುಕು ಬಿಡುತ್ತದೆ. ರೇಡಿಯೇಟರ್ ಹೋಸ್ ಸವೆಯುತ್ತದೆ. ವೈರುಗಳ ಮೇಲ್ಪದರ ಉಜ್ಜಿಹೋಗುತ್ತದೆ. ಗೇರ್‌ಬಾಕ್ಸಿನ ಮೌಂಟಿಂಗ್ ಕುಸಿದರೆ ಗೇರು ಬೀಳುವುದು ಕಷ್ಟ, ಕೆಲವೊಮ್ಮೆ ಬಿದ್ದ ಗೇರು ತಾನಾಗಿ ಹೊರಬರುತ್ತದೆ. ಇಂಜಿನ್ನಿಗೇ ಫ್ಯಾನು ಜೋಡಿಸಿರುವ ಅಂಬಾಸಿಡರ್‌ನಂತಹ ಕಾರಿನಲ್ಲಿ ಇಂಜಿನ್ ಮುಂದಕ್ಕೆ ಬಾಗಿದರೆ ಫ್ಯಾನಿನ ಎಲೆ ರೇಡಿಯೇಟರಿಗೇ ತಾಗಬಹುದು.

ಇದು ಬರೀ ಸದ್ದಿನ ವಿಷಯವಲ್ಲ ಎನ್ನುವುದಕ್ಕೆ ಒಂದು ದೊಡ್ಡ ಸಾಕ್ಷಿ ಇದೆ. 1971ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಸುಮಾರು 67 ಲಕ್ಷ ವಾಹನಗಳನ್ನು ರಿಪೇರಿಗಾಗಿ ವಾಪಸು ಕರೆಯಿತು. ಬಹುಪಾಲು 1960ರ ದಶಕದ ಷೆವರ್ಲೆ ಕಾರುಗಳು. ಕಾರಣ, ಇಂಜಿನ್ ಮೌಂಟಿಂಗ್. ರಬ್ಬರು ಲೋಹದಿಂದ ಬೇರ್ಪಟ್ಟಾಗ ಇಂಜಿನ್ ಒಂದು ಬದಿಗೆ ಮೇಲೇಳುತ್ತಿತ್ತು. ಮೇಲೇಳುವಾಗ ಆಕ್ಸಿಲರೇಟರಿನ ಕೊಂಡಿಯನ್ನು ಎಳೆದು ತಾನೇ ವೇಗ ಹೆಚ್ಚಿಸಿಕೊಳ್ಳುವ ಅಪಾಯವಿತ್ತು. ಕಂಪನಿ ಇಂಜಿನ್ ಮೇಲೇಳದಂತೆ ಒಂದು ಉಕ್ಕಿನ ತಂತಿಹಗ್ಗವನ್ನು ಕಟ್ಟಿಕೊಟ್ಟಿತು. ಆಕ್ಸಿಲರೇಟರಿಗೆ ಬಾಗುವ ಕೇಬಲ್ ಇರುವ ನಮ್ಮ ಸಣ್ಣ ಗಾಡಿಗಳಲ್ಲಿ ಇಂಥ ಅಪಾಯ ಕಡಿಮೆ. ಆದರೂ ಅಂಗೈಯಗಲದ ರಬ್ಬರಿನ ತುಂಡು 67 ಲಕ್ಷ ಗಾಡಿಗಳನ್ನು ಗ್ಯಾರೇಜಿಗೆ ಕರೆತಂದಿತೆಂಬುದು ನೆನಪಿರಲಿ.

ನಮ್ಮ ಕಡೆಯ ರೈತನಿಗೆ ಇದರ ಬೆಲೆ ಬೇರೆ ರೀತಿಯದು. ಕನಕಪುರದ ಹಳ್ಳಿಯಿಂದಲೋ ಮಾಗಡಿಯ ಕಡೆಯಿಂದಲೋ ರೇಷ್ಮೆಗೂಡು ತುಂಬಿಕೊಂಡು ಹೊರಟವನು ರಾಮನಗರದ ಗೂಡಿನ ಮಾರುಕಟ್ಟೆಗೆ ಹರಾಜಿನ ಹೊತ್ತಿಗೆ ಮುಟ್ಟಬೇಕು. ಗೂಡು ಕಾಯುವ ಸರಕಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿದರೆ ನೂಲು ತೆಗೆಯಲು ಬರುವುದಿಲ್ಲ. ದಾರಿಯಲ್ಲಿ ಸೈಲೆನ್ಸರ್ ಕಳಚಿಯೋ ಹೋಸ್ ಹರಿದೋ ಗಾಡಿ ನಿಂತರೆ ನಷ್ಟ ರಿಪೇರಿಯ ಬಿಲ್ಲಿಗೇ ಮುಗಿಯುವುದಿಲ್ಲ.

ಪತ್ತೆ ಹಚ್ಚುವುದು ಹೇಗೆ?

ಎಲ್ಲ ನಡುಕಕ್ಕೂ ಮೌಂಟಿಂಗ್ ಕಾರಣವಲ್ಲ. ಒಳ್ಳೆಯ ವೈದ್ಯರು ಔಷಧ ಬರೆಯುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಾರೆ. ನಾವೂ ಕೇಳೋಣ.

ಮೊದಲ ಪ್ರಶ್ನೆ: ಗಾಡಿ ನಿಂತಿರುವಾಗ ನಡುಗುತ್ತದೆಯೋ, ಓಡುವಾಗ ಮಾತ್ರವೋ? ನಿಂತಾಗ ಸುಮ್ಮನಿದ್ದು, 60-70 ಕಿಲೋಮೀಟರ್ ವೇಗಕ್ಕೆ ಬಂದಾಗ ಮಾತ್ರ ಸ್ಟಿಯರಿಂಗ್ ನಡುಗಿದರೆ ಮೊದಲು ಚಕ್ರದ ಬ್ಯಾಲೆನ್ಸ್, ಟೈರು ನೋಡಿಸಿ. ನಡುಕ ರಸ್ತೆಯ ವೇಗವನ್ನು ಹಿಂಬಾಲಿಸುತ್ತದೆಯೋ, ಇಂಜಿನ್ನಿನ ಸುತ್ತನ್ನು ಹಿಂಬಾಲಿಸುತ್ತದೆಯೋ ಎಂಬುದೇ ಅರ್ಧ ಉತ್ತರ.

ಎರಡನೆಯದು: ಮೂರು ಸಿಲಿಂಡರೂ ಸರಿಯಾಗಿ ಉರಿಯುತ್ತಿವೆಯೆ? ಒಂದು ಸ್ಪಾರ್ಕ್ ಪ್ಲಗ್ ಕೆಟ್ಟರೂ ಇಂಜಿನ್ ಕುಂಟುತ್ತದೆ. ಆಗ ನಡುಕ ಹೊರಡುವುದು ಇಂಜಿನ್ನಿನೊಳಗಿಂದ, ರಬ್ಬರು ನಿರಪರಾಧಿ. ಕುಂಟುವ ಇಂಜಿನ್ನಿಗೆ ಹೊಸ ಮೌಂಟಿಂಗ್ ಹಾಕಿದರೆ ಹಣ ದಂಡ.

ಮೂರನೆಯದು: ‘ಟಕ್’ ಎಂಬ ಪೆಟ್ಟು ಕೇಳುತ್ತದೆಯೆ? ಕ್ಲಚ್ ಬಿಟ್ಟು ಗಾಡಿ ಹೊರಡುವ ಕ್ಷಣ, ರಿವರ್ಸ್ ಹಾಕಿದಾಗ, ರಸ್ತೆಯ ಉಬ್ಬು ಹಾರಿದಾಗ ಈ ಸದ್ದು ಬಂದರೆ ಮೌಂಟಿಂಗಿನ ಮೇಲೆ ಗುಮಾನಿ ಗಟ್ಟಿಯಾಗುತ್ತದೆ.

ನಾಲ್ಕನೆಯದು ಕಣ್ಣಿನ ಪರೀಕ್ಷೆ. ಇಂಜಿನ್ ತಣ್ಣಗಾದ ಮೇಲೆ ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿ. ಓಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಸೀಟು ಮಡಚಬೇಕು. ರಬ್ಬರಿನಲ್ಲಿ ಸೀಳು, ರಬ್ಬರಿಗೂ ತಟ್ಟೆಗೂ ನಡುವೆ ಬಿರುಕು, ಎಣ್ಣೆಯ ಪಸೆ, ಒಂದು ಬದಿ ಕುಸಿದಿರುವುದು - ಇವು ಗುರುತುಗಳು. ಕೆಲವು ಹೊಸ ಮಾದರಿಯ ಕಾರುಗಳ ಮೌಂಟಿಂಗಿನೊಳಗೆ ದ್ರವ ತುಂಬಿರುತ್ತದೆ. ಅದು ಸೋರಿ ಕಲೆಯಾಗಿದ್ದರೆ ಅದರ ಆಯುಷ್ಯ ಮುಗಿಯಿತು.

ಗ್ಯಾರೇಜಿನಲ್ಲಿ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಅನುಭವಿ ಚಾಲಕರೊಬ್ಬರು ಬ್ರೇಕ್ ಬಲವಾಗಿ ಒತ್ತಿ ಹಿಡಿದು, ಗೇರ್ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತಾರೆ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಇಂಜಿನ್ ಎಷ್ಟು ಹಾರುತ್ತದೆ ಎಂದು ನೋಡುತ್ತಾರೆ. ತುಸು ವಾಲುವುದು ಸಹಜ. ನೆಗೆದು ಬೀಳುವುದು ಸಹಜವಲ್ಲ. ನೋಡುವವರು ಗಾಡಿಯ ಮುಂದೆಯಾಗಲಿ ಹಿಂದೆಯಾಗಲಿ ಎಂದಿಗೂ ನಿಲ್ಲಬಾರದು. ದುಪಟ್ಟಾ, ಸಡಿಲ ತೋಳು, ಕೈಯ ಬೆರಳು ಬೆಲ್ಟಿನಿಂದ ದೂರ ಇರಬೇಕು. ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ನೋಡಿ ಕಲಿಯಲಿ, ತಾವಾಗಿ ಮಾಡುವುದು ಬೇಡ.

ಬದಲಿಸುವ ಕ್ರಮ

ಕೆಲಸ ಒಪ್ಪಿಸುವ ಅಪ್ಪ ಅಮ್ಮಂದಿರಿಗೂ ಕ್ರಮ ತಿಳಿದಿದ್ದರೆ ಒಳ್ಳೆಯದು. ಮೇಸ್ತ್ರಿಯ ಬಳಿ ನಾಲ್ಕು ಮಾತು ಸರಿಯಾಗಿ ಆಡಬಹುದು.

ಗಾಡಿ ಸಮತಟ್ಟಾದ ನೆಲದಲ್ಲಿರಬೇಕು. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಟ್ಟು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಗಾಡಿಯನ್ನು ಎತ್ತಿದರೆ ಸ್ಟ್ಯಾಂಡಿನ ಮೇಲೆ ಕೂರಿಸದೆ ಯಾರೂ ಕೆಳಗೆ ತೂರಬಾರದು. ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಕೈಗೆ ಸಿಕ್ಕ ಸೈಜುಗಲ್ಲನ್ನೋ ಸಿಮೆಂಟಿನ ಹಾಲೋ ಬ್ಲಾಕನ್ನೋ ಗಾಡಿಯ ಕೆಳಗೆ ಒಟ್ಟುವುದು ವಾಡಿಕೆ. ಕಲ್ಲು ಗಟ್ಟಿ ನಿಜ, ಆದರೆ ಕಬ್ಬಿಣದ ಅಡಿಯಲ್ಲಿ ಜಾರುತ್ತದೆ; ಹಾಲೋ ಬ್ಲಾಕು ಸುಳಿವು ಕೊಡದೆ ಒಡೆಯುತ್ತದೆ. ಜಾಕನ್ನೊಂದನ್ನೇ ನಂಬುವುದೂ ಅಷ್ಟೇ ಅಪಾಯ.

ಹಳೆಯ ಮೌಂಟಿಂಗ್ ಬಿಚ್ಚುವ ಮೊದಲು ಇಂಜಿನ್ನಿನ ಭಾರವನ್ನು ಬೇರೆ ಕಡೆಗೆ ವಹಿಸಬೇಕು. ಮೇಲಿನಿಂದ ತೂಗುಹಾಕುವ ಅಡ್ಡಪಟ್ಟಿ ಇದ್ದರೆ ಉತ್ತಮ. ಇಲ್ಲವಾದರೆ ಕೆಳಗಿನಿಂದ ಜಾಕು ಕೊಡುತ್ತಾರೆ. ಆಯಿಲ್ ಸಂಪಿನ ತೆಳು ತಗಡಿಗೆ ಜಾಕಿನ ತುದಿ ನೇರವಾಗಿ ತಾಗಿದರೆ ತಗ್ಗು ಬೀಳುತ್ತದೆ. ನಡುವೆ ದಪ್ಪ ಅಗಲದ ಮರದ ಹಲಗೆ ಇರಬೇಕು. ಮೌಂಟಿಂಗಿನ ಮೇಲಿನ ಭಾರ ಇಳಿಯುವಷ್ಟು ಮಾತ್ರ ಎತ್ತಬೇಕು. ಹೆಚ್ಚು ಎತ್ತಿದರೆ ಹೋಸ್, ವೈರು, ಪೈಪುಗಳು ಎಳೆಯುತ್ತವೆ.

ಒಂದು ಸಲಕ್ಕೆ ಒಂದೇ ಮೌಂಟಿಂಗ್. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಇಂಜಿನ್ ಜಾರುತ್ತದೆ, ತೂತಿಗೆ ತೂತು ಕೂಡಿಸುವುದೇ ಒಂದು ದಿನದ ಕೆಲಸವಾದೀತು. ಯಾವ ಬೋಲ್ಟು ಎಲ್ಲಿಂದ ಬಂತು ಎಂದು ಗುರುತು ಮಾಡಿಡಬೇಕು. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ತೂತಿನ ಅಳತೆ, ಎತ್ತರ, ಬಾಣದ ಗುರುತು ಹೋಲಿಸಬೇಕು. ಹೊಸದನ್ನು ಇಟ್ಟ ಮೇಲೆ ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ಎರಡು ಮೂರು ಸುತ್ತು ಹತ್ತಿಸಬೇಕು. ಇಂಜಿನ್ನಿನ ಭಾರವನ್ನು ರಬ್ಬರಿನ ಮೇಲೆ ಬಿಟ್ಟು, ಅದು ತನ್ನ ಜಾಗಕ್ಕೆ ಕೂತ ನಂತರವೇ ಪೂರ್ತಿ ಬಿಗಿಯುವುದು. ಮೊದಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿದು ಹೊಸತರಲ್ಲೇ ಸೀಳುತ್ತದೆ. ಎಷ್ಟು ಬಿಗಿಯಬೇಕು ಎಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ, ಟಾರ್ಕ್ ರೆಂಚ್ ಅಳೆಯುತ್ತದೆ.

ಕೆಲಸ ಮುಗಿದ ಮೇಲೆ ಗೇರುಗಳು ಸಲೀಸಾಗಿ ಬೀಳುತ್ತವೆಯೆ, ಸೈಲೆನ್ಸರ್ ಪೈಪು ಎಲ್ಲಿಯಾದರೂ ತಾಗುತ್ತದೆಯೆ, ಹೋಸು ಎಳೆದುಕೊಂಡಿದೆಯೆ ಎಂದು ನೋಡಬೇಕು. ಆಮೇಲೆ ಏರಿಸಿಟ್ಟಿದ್ದ ಐಡ್ಲಿಂಗನ್ನು ಮತ್ತೆ ತಯಾರಕರು ಹೇಳಿದ ಮಟ್ಟಕ್ಕೆ ಇಳಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಎರಡು ತಪ್ಪು ನಂಬಿಕೆಗಳನ್ನು ಇಲ್ಲಿಯೇ ತಿದ್ದಿಕೊಳ್ಳೋಣ. ‘ಗಟ್ಟಿ ರಬ್ಬರಿನದು ಹಾಕಿಬಿಡಿ, ಬಾಳಿಕೆ ಬರುತ್ತದೆ’ ಎನ್ನುವುದು ಒಂದು. ಗಟ್ಟಿಯಾದರೆ ಏನಾಗುತ್ತದೆ ಎಂದು ಮೇಲಿನ ಲೆಕ್ಕವೇ ಹೇಳಿದೆ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾದ ಮಾಲಿಗೂ ಇದೇ ಮಾತು. ಹಳೆಯ ಟೈರಿನ ತುಂಡನ್ನೋ ಸೈಕಲ್ ಟ್ಯೂಬನ್ನೋ ಸಂದಿಗೆ ತುರುಕಿದರೆ ಸಾಕು ಎನ್ನುವುದು ಇನ್ನೊಂದು. ಲೋಹಕ್ಕೆ ಬೆಸೆದ ರಬ್ಬರು ಒತ್ತಡವನ್ನೂ ತಡೆಯುತ್ತದೆ, ಎಳೆತವನ್ನೂ ತಡೆಯುತ್ತದೆ. ತುರುಕಿದ ತುಂಡು ಒತ್ತಡವನ್ನಷ್ಟೇ ತಡೆದೀತು, ಎಳೆದಾಗ ಉದುರಿ ಬೀಳುತ್ತದೆ. ಸಣ್ಣ ಹಳೆಯ ಗಾಡಿಯ ಮೌಂಟಿಂಗಿಗೆ ಕೆಲವು ನೂರು ರೂಪಾಯಿಗಳಾಗಬಹುದು. ಹರಿದ ಸೈಲೆನ್ಸರ್, ಸವೆದ ಹೋಸ್, ಕೆಟ್ಟ ಗೇರ್‌ಬಾಕ್ಸಿನ ಮುಂದೆ ಅದು ಏನೂ ಅಲ್ಲ. ಒಂದೇ ವಯಸ್ಸಿನ ಮೌಂಟಿಂಗ್‌ಗಳಲ್ಲಿ ಒಂದು ಹೋಗಿದ್ದರೆ ಉಳಿದವನ್ನೂ ಪರೀಕ್ಷಿಸದೆ ಬಿಡಬೇಡಿ.

ಅಪ್ಪ ಅಮ್ಮಂದಿರಿಗೆ

ಮಗುವನ್ನು ವ್ಯಾನಿಗೆ ಹತ್ತಿಸುವ ನೀವು ತಿಂಗಳಿಗೊಮ್ಮೆ ಒಂದೆರಡು ಮಾತು ಕೇಳಿ. ನಡುಕ ಯಾವಾಗಿನಿಂದ? ಮೌಂಟಿಂಗ್ ನೋಡಿಸಿದ್ದೀರಾ? ಎಫ್‌ಸಿ ಇದೆಯೆ? ಕೇಳುವ ಧಾಟಿ ಜಗಳದ್ದಾಗುವುದು ಬೇಡ. ವ್ಯಾನಿನ ಅಣ್ಣನೂ ಅದೇ ಗಾಡಿಯ ಮೇಲೆ ಸಂಸಾರ ನಡೆಸುವವರು. ನಾಲ್ಕು ಮನೆಯವರು ಸೇರಿ ಕೇಳಿದರೆ, ಬೇಕಾದರೆ ತಿಂಗಳ ಹಣದಲ್ಲಿ ಸ್ವಲ್ಪ ಮುಂಗಡ ಕೊಟ್ಟರೆ, ಕೆಲಸ ಈ ವಾರವೇ ಆದೀತು.

ಇನ್ನೊಂದು ಮಾತು. ‘ಓದದಿದ್ದರೆ ಗ್ಯಾರೇಜಿಗೆ ಹಾಕುತ್ತೇನೆ’ ಎಂದು ಮಕ್ಕಳನ್ನು ಹೆದರಿಸುವ ಮನೆಗಳು ಇನ್ನೂ ಇವೆ. ಓದಿನ ಅಗತ್ಯ ಗ್ಯಾರೇಜಿಗೆ ಎಷ್ಟಿದೆ ಎಂಬುದನ್ನು ಮೇಲಿನ ಲೆಕ್ಕ ತೋರಿಸಿತಲ್ಲವೆ? ಸ್ಕ್ರೂ ತಿರುಗಿಸುವ ಕೈಗೂ ಕಾರಣ ಹುಡುಕುವ ಕೈಗೂ ನಡುವೆ ಇರುವುದು ವಿದ್ಯೆ. ಎಸ್‌ಎಸ್‌ಎಲ್‌ಸಿ ನಂತರ ಐಟಿಐಯಲ್ಲಿ ‘ಮೆಕ್ಯಾನಿಕ್ ಮೋಟಾರ್ ವೆಹಿಕಲ್’ ಎರಡು ವರ್ಷದ ತರಬೇತಿ. ಅಲ್ಲಿಂದ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ದಾರಿ ಇದೆ; ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ ಬರೆದು ಎಂಜಿನಿಯರಿಂಗಿಗೆ ಹೋಗುವ ದಾರಿಯೂ ಇದೆ. ಒಂದು ಬಾಗಿಲು ಮುಚ್ಚಿತೆಂದು ಮಗುವಿನ ಮುಂದೆ ನಿಟ್ಟುಸಿರು ಬಿಡಬೇಕಾದ್ದಿಲ್ಲ.

ನಮ್ಮ ಪಕ್ಕದಲ್ಲೇ ಬಿಡದಿ ಇದೆ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಗಾಡಿಗಳು 1999ರ ಕೊನೆಯಿಂದ ಹೊರಬರತೊಡಗಿದವು. 2007ರಲ್ಲಿ ಅದೇ ಆವರಣದಲ್ಲಿ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಶುರುವಾಯಿತು. ಬಡ ಗ್ರಾಮೀಣ ಕುಟುಂಬಗಳ ಮಕ್ಕಳಿಗೆ ಹತ್ತನೆಯ ತರಗತಿಯ ನಂತರ ಮೂರು ವರ್ಷದ ವಸತಿ ತರಬೇತಿ ಎಂಬುದು ಅದರ ಉದ್ದೇಶ. ಹೆಣ್ಣುಮಕ್ಕಳಿಗೂ ಅಲ್ಲಿ ಅವಕಾಶವಿದೆ. ಪ್ರವೇಶದ ನಿಯಮಗಳನ್ನು ಆಯಾ ವರ್ಷ ನೇರವಾಗಿ ವಿಚಾರಿಸಿಕೊಳ್ಳಿ.

‘ಇನ್ನು ಮುಂದೆ ಎಲ್ಲವೂ ವಿದ್ಯುತ್ ಕಾರು, ಇದನ್ನೆಲ್ಲ ಕಲಿತು ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ವಿದ್ಯುತ್ ಕಾರಿನಲ್ಲಿ ಸಿಲಿಂಡರ್ ಇಲ್ಲ, ನಿಂತಾಗಿನ ನಡುಕವೂ ಇಲ್ಲ. ಆದರೆ ಮೋಟಾರು ಒಮ್ಮೆಲೇ ಬಲವಾಗಿ ತಿರುಗುತ್ತದೆ, ಅದರ ಗೇರುಗಳು ಸಣ್ಣ ದನಿಯಲ್ಲಿ ಹಾಡುತ್ತವೆ. ಅದನ್ನೂ ರಬ್ಬರಿನ ಮೇಲೆಯೇ ಕೂರಿಸುತ್ತಾರೆ. ಸಹಜ ಆವೃತ್ತಿಯ ಲೆಕ್ಕ ಅಲ್ಲಿಯೂ ಬೇಕು.

ಮಾಡಿ ನೋಡಿ

ವಿದ್ಯಾರ್ಥಿಗಳಿಗೆ ಈ ಭಾನುವಾರದ ಕೆಲಸ. ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇರುವ ಗಾಡಿಯನ್ನು, ದೊಡ್ಡವರು ಜೊತೆಗಿರುವಾಗ, ನ್ಯೂಟ್ರಲ್‌ನಲ್ಲಿ ಚಾಲೂ ಮಾಡಿಸಿ. ಒಂದು ಲೋಟಕ್ಕೆ ಅರ್ಧ ನೀರು ಹಾಕಿ ಸೀಟಿನ ಮುಂದಿನ ಹಲಗೆಯ ಮೇಲೆ ಕೈಯಲ್ಲಿ ಹಿಡಿದಿಡಿ. ನಿಧಾನವಾಗಿ ಓಡುವಾಗ ನೀರಿನ ಮೇಲೆ ಎಷ್ಟು ಅಲೆ, ದ್ವನಿ ತುಸು ಏರಿಸಿದಾಗ ಎಷ್ಟು, ಎ.ಸಿ. ಇದ್ದರೆ ಹಾಕಿದಾಗ ಎಷ್ಟು - ಬರೆದುಕೊಳ್ಳಿ. ಸುತ್ತು ತೋರಿಸುವ ಮೀಟರ್ ಇದ್ದರೆ ಸಿಲಿಂಡರುಗಳ ಸಂಖ್ಯೆ ಕೇಳಿ ಸೆಕೆಂಡಿಗೆ ಎಷ್ಟು ಮಿಡಿತ ಎಂದು ಲೆಕ್ಕ ಹಾಕಿ. ಅಲೆ ಅತಿ ಹೆಚ್ಚಾದ ಸುತ್ತು ಯಾವುದು ಎಂದು ಗುರುತಿಸಿ. ಆ ಹಾಳೆಯನ್ನು ನಿಮ್ಮ ಊರಿನ ಮೇಸ್ತ್ರಿಗೆ ತೋರಿಸಿ ‘ಇದು ಪ್ಲಗ್ಗಿನ ದೋಷವೋ, ಮೌಂಟಿಂಗಿನ ದೋಷವೋ?’ ಎಂದು ಕೇಳಿ. ಕಸುಬು ಬಲ್ಲ ಮೇಸ್ತ್ರಿಯಾದರೆ ಕೈಯ ಎಣ್ಣೆ ಒರೆಸಿಕೊಂಡು, ಬಾನೆಟ್ ಎತ್ತಿ, ನಿಮಗೆ ಇನ್ನೊಂದು ಪಾಠ ಹೇಳಿಯೇ ಕಳಿಸುತ್ತಾರೆ.